‘ಸಿನೆಮಾತೆಕ್’ ಎಂದರೇನು?

ಪ್ರಶ್ನೆ: ಫ್ರೆಂಚ್ ಚಿತ್ರಗಳ ಕುರಿತ ಲೇಖನಗಳಲ್ಲಿ ‘ಸಿನೆಮಾತೆಕ್’ ಎಂಬ ಪದ ಮತ್ತೆ ಮತ್ತೆ ಕಾಣಿಸುತ್ತದೆ. ಅದರ ಅರ್ಥ ಮತ್ತು ಮೂಲವೇನು? ಕನ್ನಡದಲ್ಲಿ ‘ಚಲನಚಿತ್ರ ಪತ್ರಾಗಾರ’ ಎನ್ನಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಚಲನಚಿತ್ರಗಳನ್ನು ಸಂಗ್ರಹಿಸಿ, ಕೆಡದಂತೆ ಕಾಪಾಡಿ, ಆಸಕ್ತರಿಗೆ ತೆರೆಯ ಮೇಲೆ ತೋರಿಸುವ ಸಂಸ್ಥೆಯನ್ನು ಫ್ರೆಂಚರು ಸಿನೆಮಾತೆಕ್ ಎನ್ನುತ್ತಾರೆ. ಪುಸ್ತಕಾಲಯಕ್ಕೆ ಅವರಲ್ಲಿರುವ ‘ಬಿಬ್ಲಿಯೊತೆಕ್’ ಎಂಬ ಹಳೆಯ ಪದದ ಮಾದರಿಯಲ್ಲಿ ಇದು ರೂಪುಗೊಂಡಿದೆ. ನಮಗೆ ‘ಡಿಸ್ಕೋ’ ಎಂದು ಪರಿಚಿತವಾಗಿರುವ ‘ಡಿಸ್ಕೊತೆಕ್’ ಕೂಡ ಮೊದಲು ಗ್ರಾಮಫೋನ್ ತಟ್ಟೆಗಳ ಸಂಗ್ರಹವೆಂಬ ಅರ್ಥದ ಪದವೇ. ‘ಸಿನೆಮಾ’ ಎಂಬ ಪೂರ್ವಾರ್ಧವು ಲೂಮಿಯೇರ್ ಸಹೋದರರು 1895ರಲ್ಲಿ ಪ್ರಸಿದ್ಧಿಗೆ ತಂದ ‘ಸಿನೆಮಾತೊಗ್ರಾಫ್’ ಯಂತ್ರದ ಹೆಸರಿನ ಮೊಟಕು ರೂಪ. ಅದರ ಬೇರು, ಚಲನೆ ಎಂಬರ್ಥದ ಗ್ರೀಕ್ ‘ಕಿನೇಮ’.

ಉತ್ತರಾರ್ಧದ ಕಥೆ ನನಗೆ ಇನ್ನೂ ಪ್ರಿಯವಾದದ್ದು. ‘ತೆಕ್’ ಬಂದದ್ದು ಪೆಟ್ಟಿಗೆ, ವಸ್ತುವನ್ನಿಡುವ ತಾಣ ಎಂಬರ್ಥದ ಗ್ರೀಕ್ ‘ಥೇಕೆ’ಯಿಂದ. ಅದರ ಧಾತುವೂ ‘ಇಡು’ ಎಂಬರ್ಥದ ಸಂಸ್ಕೃತದ ‘ಧಾ’ ಧಾತುವೂ ಒಂದೇ ಮೂಲದವಾದುದರಿಂದ, ನಮ್ಮ ‘ನಿಧಿ’ಯು ಪ್ಯಾರಿಸಿನ ‘ತೆಕ್’ಗೆ ದೂರದ ದಾಯಾದಿ.

ಈ ಪದವನ್ನು ಲೋಕಪ್ರಸಿದ್ಧಗೊಳಿಸಿದ್ದು 1936ರಲ್ಲಿ ಆರಿ ಲಾಂಗ್ಲ್ವಾ, ಜಾರ್ಜ್ ಫ್ರಾಂಜು ಮೊದಲಾದವರು ಪ್ಯಾರಿಸಿನಲ್ಲಿ ಸ್ಥಾಪಿಸಿದ ‘ಸಿನೆಮಾತೆಕ್ ಫ್ರಾಂಸೇಸ್’. ಮಾತಿನ ಚಿತ್ರಗಳು ಬಂದ ಮೇಲೆ ಮೂಕಿ ಚಿತ್ರಗಳ ಸುರುಳಿಗಳನ್ನು ಕೇಳುವವರಿಲ್ಲದೆ ನಾಶಪಡಿಸುತ್ತಿದ್ದ ಕಾಲವದು. ಸಿಕ್ಕಿದ್ದನ್ನೆಲ್ಲ ಕೂಡಿಹಾಕಿದ ಲಾಂಗ್ಲ್ವಾ, ಕೂಡಿಟ್ಟದ್ದನ್ನು ಬೀಗ ಹಾಕಿಡದೆ ಜನರಿಗೆ ತೋರಿಸುತ್ತಲೇ ಬಂದರು. ಭಾರತದಲ್ಲಿ ಇಂಥ ರಾಷ್ಟ್ರೀಯ ಸಂಸ್ಥೆ ಪುಣೆಯಲ್ಲಿ ಆರಂಭವಾದದ್ದು 1964ರಲ್ಲಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲೇ ತೆರೆಕಂಡಿತ್ತು. ಅದರ ಪ್ರತಿ ಇಂದು ನಮಗೆ ಲಭ್ಯವಿಲ್ಲ ಎಂಬುದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಇನ್ನು ಕನ್ನಡದ ಪದ. ‘ಪತ್ರಾಗಾರ’ವು ಸರ್ಕಾರಿ ಕಡತ, ದಾಖಲೆಗಳಿಗೆ ಒಪ್ಪುತ್ತದೆಯೇ ಹೊರತು ಫಿಲ್ಮ್ ಸುರುಳಿಗಳಿಗೆ ಅಷ್ಟು ಹೊಂದುವುದಿಲ್ಲ. ‘ಚಿತ್ರನಿಧಿ’ ಎಂದರೆ ವ್ಯುತ್ಪತ್ತಿಯ ದೃಷ್ಟಿಯಿಂದ ಸೊಗಸು. ಆದರೆ ‘ಪರಿಹಾರ ನಿಧಿ’ಯ ಬಳಕೆಯಿಂದಾಗಿ ಚಿತ್ರನಿರ್ಮಾಣಕ್ಕೆ ಕೊಡುವ ಹಣವೆಂದು ಓದುಗರು ತಿಳಿದಾರು. ಆದ್ದರಿಂದ ನಾನು ‘ಚಿತ್ರಭಂಡಾರ’ವನ್ನು ಸೂಚಿಸುತ್ತೇನೆ. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಉಳಿಸಿದಂಥ ಗ್ರಂಥಭಂಡಾರಗಳ ನೆನಪು ಆ ಪದದಲ್ಲಿದೆ. ಪ್ಯಾರಿಸಿನ ಸಂಸ್ಥೆಯನ್ನು ಹೆಸರಿಸುವಾಗ ಮಾತ್ರ, ಅದು ಅಂಕಿತನಾಮವಾದುದರಿಂದ, ‘ಸಿನೆಮಾತೆಕ್’ ಎಂದೇ ಉಳಿಸಿಕೊಳ್ಳಬೇಕು.