ಬೆಂಗಳೂರಿನ ಅವೆನ್ಯೂ ರಸ್ತೆ ಎಷ್ಟು ಹಳೆಯದು?

ಊರಿನಷ್ಟೇ ಹಳೆಯದು. ಇದರ ಮೊದಲ ಹೆಸರು ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿಸಿದಾಗ ಹಾಕಿದ ಎರಡು ಮುಖ್ಯ ಬೀದಿಗಳಲ್ಲಿ ಇದೂ ಒಂದು. ಇದು ಉತ್ತರ-ದಕ್ಷಿಣಕ್ಕೆ, ಚಿಕ್ಕಪೇಟೆ ಪೂರ್ವ-ಪಶ್ಚಿಮಕ್ಕೆ. ಇವೆರಡೂ ಸೇರುವ ಚೌಕದಿಂದಲೇ ನಾಲ್ಕು ಜೋಡಿ ಎತ್ತು ನಾಲ್ಕು ದಿಕ್ಕಿಗೆ ನೇಗಿಲು ಎಳೆದು, ಬೀದಿಗಳ ಗುರುತು ಹಾಕಿದವು ಅಂತ ಕಥೆ ಇದೆ. ದಾಖಲೆ ಅಲ್ಲ, ಐತಿಹ್ಯ. ಆದರೆ ಆ ಚೌಕದಲ್ಲಿ ನಿಂತರೆ ನಂಬಬೇಕು ಅನ್ನಿಸುತ್ತದೆ.

ಸುತ್ತಲೂ ಕಸುಬಿಗೊಂದು ಪೇಟೆ ಬೆಳೆಯಿತು: ಅಕ್ಕಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ತರಗುಪೇಟೆ. 1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಕೋಟೆಯ ಹಲಸೂರು ಬಾಗಿಲು ಒಡೆದು ಪೇಟೆಗೆ ನುಗ್ಗಿತು. ‘ಅವೆನ್ಯೂ’ ಎಂಬ ಹೆಸರು ಬ್ರಿಟಿಷರ ಕಾಲದ್ದು.

ರಸ್ತೆಯಲ್ಲಿ ರೈಸ್ ಸ್ಮಾರಕ ಚರ್ಚ್ ಇದೆ, ತುಂಬ ಜನ ಗಮನಿಸುವುದೇ ಇಲ್ಲ. ಅದು ಕನ್ನಡ ಕಲಿತು ಇಲ್ಲೇ ದುಡಿದ ಪಾದ್ರಿ ಬೆಂಜಮಿನ್ ಹೋಲ್ಟ್ ರೈಸ್ ನೆನಪಿನದು. ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಇವರ ಮಗ. ಉತ್ತರದ ತುದಿಯ ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕ್‌ನಲ್ಲಿ ವಿಲೀನವಾಯಿತು. ಸರ್ಕಲ್‌ಗೆ ಜನ ಈಗಲೂ ಹಳೇ ಹೆಸರೇ ಹೇಳುತ್ತಾರೆ.

ನೋಡಲು ಹೋಗುವುದಾದರೆ ಭಾನುವಾರ ಬೆಳಿಗ್ಗೆ ಹೋಗಿ. ಫುಟ್‌ಪಾತ್ ಮೇಲೆ ಹಳೇ ಪುಸ್ತಕ ಹರಡಿರುತ್ತಾರೆ. ಚೌಕಾಸಿ ಮಾಡಿ, ಪರವಾಗಿಲ್ಲ.