ನೆಟ್‌ವರ್ಕ್ ವೇಗ ಹೆಚ್ಚಾದರೆ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ (ಹಲವು ಮಷೀನುಗಳು ಸೇರಿ ಒಂದಾಗಿ ಕೆಲಸ ಮಾಡುವ ವ್ಯವಸ್ಥೆ) ಕಟ್ಟುವ ರೀತಿ ಬದಲಾಗುತ್ತದೆಯೇ?

ಡೇಟಾ ಸೆಂಟರ್ ಒಳಗೆ ಖಂಡಿತ ಬದಲಾಗಿದೆ. ಹೊರಗೆ ಅಷ್ಟಿಲ್ಲ.

2004ರಲ್ಲಿ ಗೂಗಲ್ ಮ್ಯಾಪ್‌ರಿಡ್ಯೂಸ್ (ದೊಡ್ಡ ಡೇಟಾವನ್ನು ಹಲವು ಮಷೀನುಗಳಿಗೆ ಹಂಚಿ ಸಂಸ್ಕರಿಸುವ ವಿಧಾನ) ಬಗ್ಗೆ ಬರೆದಾಗ ಅವರ ಮಷೀನುಗಳಿಗೆ ಇದ್ದದ್ದು 100 ಮೆಗಾಬಿಟ್ ಅಥವಾ 1 ಗಿಗಾಬಿಟ್ ಲಿಂಕ್. ಡೇಟಾ ಸಾಗಿಸುವುದೇ ದುಬಾರಿ. ಹಾಗಾಗಿ ಡೇಟಾ ಯಾವ ಡಿಸ್ಕ್‌ನಲ್ಲಿದೆಯೋ ಆದಷ್ಟು ಅಲ್ಲೇ ಪ್ರೋಗ್ರಾಂ ಓಡಿಸುತ್ತಿದ್ದರು. ಅದೇ ಮಾದರಿಯ ಓಪನ್ ಸೋರ್ಸ್ ಸಾಫ್ಟ್‌ವೇರ್ ಹಡೂಪ್ ಕೂಡ ಇದೇ ದಾರಿ ಹಿಡಿಯಿತು.

ಈಗ 100 ಗಿಗಾಬಿಟ್ ಲಿಂಕ್ ಅಂದರೆ ಸೆಕೆಂಡಿಗೆ ಸುಮಾರು 12 ಗಿಗಾಬೈಟ್. ಒಂದು ಹಾರ್ಡ್ ಡಿಸ್ಕ್ ಕೊಡುವುದು ಅದರ ನೂರರಲ್ಲಿ ಒಂದೆರಡು ಪಾಲು ಅಷ್ಟೇ. ಪಕ್ಕದ ಮಷೀನಿನ ಡಿಸ್ಕ್ ಓದಿದರೂ ತನ್ನದೇ ಓದಿದರೂ ಜಾಸ್ತಿ ವ್ಯತ್ಯಾಸ ಇಲ್ಲ. ಮತ್ತೆ ಡಿಸ್ಕನ್ನೂ ಲೆಕ್ಕ ಮಾಡುವ ಸಿಪಿಯುವನ್ನೂ ಒಂದೇ ಪೆಟ್ಟಿಗೆಯಲ್ಲಿ ಯಾಕೆ ಇಡಬೇಕು, ಅಲ್ವಾ? ಸ್ನೋಫ್ಲೇಕ್, ಅಮೆಜಾನ್ ಅರೋರಾದಂಥ ಡೇಟಾಬೇಸ್ ಸೇವೆಗಳು ಸ್ಟೋರೇಜನ್ನೂ ಲೆಕ್ಕ ಮಾಡುವ ಸರ್ವರನ್ನೂ ಬೇರೆ ಮಾಡಿದ್ದು ಹೀಗೆ. ಯಾವುದು ಸಾಲದೋ ಅದನ್ನಷ್ಟೇ ಹೆಚ್ಚಿಸಬಹುದು. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅನಿಸುತ್ತದೆ.

ಲಿಂಕ್ ವೇಗವಾದ ಮೇಲೆ ಸಿಪಿಯು, ಆಪರೇಟಿಂಗ್ ಸಿಸ್ಟಮ್ಮೇ ಅಡ್ಡಿಯಾಗುತ್ತವೆ. ಅವನ್ನು ಬದಿಗಿಟ್ಟು ನೇರ ಇನ್ನೊಂದು ಮಷೀನಿನ ಮೆಮೊರಿ ಓದಲು ಆರ್‌ಡಿಎಂಎ (ರಿಮೋಟ್ ಡೈರೆಕ್ಟ್ ಮೆಮೊರಿ ಆಕ್ಸೆಸ್) ಎಂಬ ತಂತ್ರ ಬಳಸುತ್ತಾರೆ.

ದೂರದ ಮಾತೇ ಬೇರೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಲಂಡನ್–ನ್ಯೂಯಾರ್ಕ್ ನಡುವೆ ಹೋಗಿ ಬರಲು ಏನಿಲ್ಲವೆಂದರೂ 55 ಮಿಲಿಸೆಕೆಂಡ್ ಬೇಕು. ಎಷ್ಟು ಗಿಗಾಬಿಟ್ ಸುರಿದರೂ ಅದು ಇಳಿಯಲ್ಲ. ಅದಕ್ಕೇ ಬಳಕೆದಾರರ ಹತ್ತಿರ ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾದ ತಾತ್ಕಾಲಿಕ ಸಂಗ್ರಹ), ಡೇಟಾದ ಪ್ರತಿಗಳನ್ನು ಇಡುವುದು, ಹೋಗಿಬರುವ ಸಂದೇಶಗಳನ್ನು ಕಡಿಮೆ ಮಾಡುವುದು ಇವತ್ತಿಗೂ ತಪ್ಪಿಲ್ಲ.