ಎರಡನೇ ಸಲ ಹೋದವರು

ಇರಾಕ್, ಅಫ್ಘಾನಿಸ್ತಾನಗಳಿಗೆ ಮತ್ತೆ ಮತ್ತೆ ಹೋಗಿಬಂದ ಅಮೆರಿಕದ ಸೈನಿಕರ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ಸೋಮವಾರಪೇಟೆಯಿಂದ ನಿವೃತ್ತ ಸುಬೇದಾರರೊಬ್ಬರು ಎರಡು ಪುಟ ಬರೆದಿದ್ದಾರೆ. ಅದರ ತಿರುಳು ಇಷ್ಟು: “ನಿಮ್ಮ ತಲೆಬರಹ ‘ಯುದ್ಧದ ಚಟ’. ಚಟಕ್ಕೆ ಯಾರೂ ಹೋಗುವುದಿಲ್ಲ ಸ್ವಾಮಿ. ನಾನು 1987ರಲ್ಲಿ ನಮ್ಮ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾದ ಜಾಫ್ನಾಕ್ಕೆ ಹೋದೆ, ರಜೆಗೆ ಊರಿಗೆ ಬಂದು ಮತ್ತೆ ಹೋದೆ. ಆರ್ಡರ್ ಇತ್ತು, ಟ್ರಂಕು ಎತ್ತಿಕೊಂಡು ಹೊರಟೆ. ಆದರೆ ಎರಡನೇ ಸಲ ಹೋಗುವುದು ಮೊದಲನೇ ಸಲದ ಹಾಗಲ್ಲ. ಅದನ್ನು ನಿಮ್ಮ ಲೇಖಕರು ಬರೆಯಲೇ ಇಲ್ಲ.”

ಮಾನ್ಯ ಸುಬೇದಾರರೆ,

ಆ ತಲೆಬರಹ ಲೇಖಕರದಲ್ಲ, ನನ್ನದು. ಪುಟ ಪ್ರೆಸ್ಸಿಗೆ ಹೋಗುವ ರಾತ್ರಿ ಎರಡು ಪದಕ್ಕಷ್ಟೇ ಜಾಗವಿತ್ತು, ಕೈಗೆ ಸಿಕ್ಕ ಎರಡು ಪದ ಹಾಕಿದೆ. ತಪ್ಪಾಯಿತು. ಅದನ್ನು ನಂಬಿ ಇನ್ನೊಬ್ಬ ಓದುಗರು ‘ಹಗಲು ಕಂಡ ಬಾವಿಗೆ ಇರುಳು ಬಿದ್ದವರು’ ಎಂದು ಆ ಸೈನಿಕರನ್ನು ಆಡಿಕೊಂಡಿದ್ದಾರೆ. ಆ ಪಾಪವೂ ನನ್ನದೇ.

ಆರ್ಡರ್ ವಿಷಯದಲ್ಲಿ ನಿಮ್ಮ ಮಾತು ಅಲ್ಲಿಗೂ ಸಲ್ಲುತ್ತದೆ. ಅಮೆರಿಕದಲ್ಲಿ 1973ರಿಂದ ಕಡ್ಡಾಯ ಸೇನಾ ಭರ್ತಿ ಇಲ್ಲ. ಹಾಗಾಗಿ ‘ಇಷ್ಟಪಟ್ಟು ಸೇರಿದವರು ತಾನೆ’ ಎಂದು ಅಲ್ಲಿನವರೂ ಸುಲಭವಾಗಿ ಹೇಳಿಬಿಡುತ್ತಾರೆ. ಸೇರಿದ್ದೇನೋ ಇಷ್ಟಪಟ್ಟೇ. ಆದರೆ ‘ಸ್ಟಾಪ್ ಲಾಸ್’ ಎಂಬ ನಿಯಮವೊಂದಿತ್ತು: ಕರಾರಿನ ಅವಧಿ ಮುಗಿದರೂ ತುಕಡಿ ಯುದ್ಧಕ್ಕೆ ಹೊರಡುವುದಿದ್ದರೆ ಸೈನಿಕನನ್ನು ಬಿಡುತ್ತಿರಲಿಲ್ಲ. ಹೀಗೆ ಉಳಿಸಿಕೊಂಡವರ ಸಂಖ್ಯೆ ಲಕ್ಷ ದಾಟಿತ್ತು. ಆಮೇಲೆ ಹಾಗೆ ಹೆಚ್ಚಿಗೆ ದುಡಿದ ತಿಂಗಳಿಗೆ 500 ಡಾಲರ್‌ನಂತೆ ಸರ್ಕಾರ ಲೆಕ್ಕ ಹಾಕಿ ಕೊಟ್ಟಿತು. 2007ರ ಏಪ್ರಿಲ್‌ನಲ್ಲಿ ಭೂಸೇನೆಯ ಸರದಿಯನ್ನು, ಅಂದರೆ ಒಂದು ಸಲ ಹೋದರೆ ಯುದ್ಧಭೂಮಿಯಲ್ಲಿ ಇರಬೇಕಾದ ಅವಧಿಯನ್ನು, 12 ತಿಂಗಳಿಂದ 15ಕ್ಕೆ ಏರಿಸಿದರು. ಮನೆಯಲ್ಲಿ ಮಗು ಹುಟ್ಟುವ ದಿನಕ್ಕೆ ರಜೆ ಹೊಂದಿಸಿಕೊಂಡಿದ್ದವರಿಗೆ ಆ ಸುದ್ದಿ ಹೇಗೆ ಕೇಳಿಸಿರಬೇಕು ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ಆರ್ಡರ್ ಇಲ್ಲದೆ ತಾವಾಗಿಯೇ ಹೋದವರೂ ಇದ್ದರು, ನಿಜ. ಬೋನಸ್ಸಿಗಾಗಿ ಕೆಲವರು, ‘ನನ್ನ ಸೆಕ್ಷನ್ ಹೋಗುತ್ತಿದೆ, ನಾನು ಹೇಗೆ ಮನೆಯಲ್ಲಿ ಕೂರಲಿ’ ಎಂದು ಬಹಳ ಮಂದಿ. ಇದಕ್ಕೆ ಚಟ ಎಂದರೆ ನಂಟಸ್ತಿಕೆಗೂ ಚಟ ಎನ್ನಬೇಕಾಗುತ್ತದೆ.

ಇನ್ನು ನಿಮ್ಮ ಪತ್ರದ ಮುಖ್ಯ ಮಾತು. ಆ ಓದುಗರ ಗಾದೆಯನ್ನೇ ಹಿಡಿದು ಹೇಳುವುದಾದರೆ, ಇವರು ಎರಡನೇ ಸಲ ಹೋಗುವಷ್ಟರಲ್ಲಿ ಬಾವಿಯೇ ಜಾಗ ಬದಲಿಸಿತ್ತು.

ಇರಾಕಿನ ಅನ್ಬಾರ್ ಪ್ರಾಂತ್ಯವನ್ನೇ ನೋಡಿ. 2004ರಲ್ಲಿ ಅಲ್ಲಿನ ಫಲ್ಲೂಜಾ ನಗರದಲ್ಲಿ ಅಮೆರಿಕನ್ನರಿಗೂ ಬಂಡುಕೋರರಿಗೂ ಎರಡು ಸಲ ಕದನ ನಡೆಯಿತು, ಏಪ್ರಿಲ್‌ನಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ. ಎರಡನೆಯದರಲ್ಲಿ ಮನೆಮನೆಗೆ ನುಗ್ಗಿ, ಕೋಣೆ ಕೋಣೆಯಲ್ಲಿ ಹೊಡೆದಾಡಿದರು. ಆಗ ಅಲ್ಲಿದ್ದ ಹುಡುಗನೊಬ್ಬ 2008ರಲ್ಲಿ ಸಾರ್ಜೆಂಟ್ ಆಗಿ ಅದೇ ಪ್ರಾಂತ್ಯಕ್ಕೆ ಮರಳಿದ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಅದೇ ಪ್ರಾಂತ್ಯದ ರಮಾದಿ ನಗರದ ಶೇಖ್ ಅಬ್ದುಲ್ ಸತ್ತಾರ್ ಅಬು ರಿಶಾ 2006ರಲ್ಲಿ ಬುಡಕಟ್ಟುಗಳನ್ನು ಅಲ್ ಖೈದಾ ವಿರುದ್ಧ ತಿರುಗಿಸಿ, ಮರುವರ್ಷವೇ ಬಾಂಬಿಗೆ ಬಲಿಯಾಗಿದ್ದ. ಅವನು ಹಾಕಿದ ದಾರಿಯಲ್ಲಿ ‘ಇರಾಕಿನ ಪುತ್ರರು’ ಎಂಬ ಕಾವಲು ಪಡೆಗಳು ಹುಟ್ಟಿದ್ದವು. ತಲೆಗೆ ತಿಂಗಳಿಗೆ ಸುಮಾರು 300 ಡಾಲರ್ ಸಂಬಳ, ಕೊಡುವವರು ಅಮೆರಿಕನ್ನರು. ಆ ಕಾವಲುಗಾರರಲ್ಲಿ ಎಷ್ಟೋ ಮಂದಿ ನಿನ್ನೆಯ ಬಂಡುಕೋರರೇ. ಈಗ ನಮ್ಮ ಸಾರ್ಜೆಂಟ್ ನಾಕಾದಲ್ಲಿ ಗಾಡಿ ನಿಲ್ಲಿಸಬೇಕು, ಹೆಗಲಿಗೆ ಕಲಾಶ್ನಿಕೋವ್ ನೇತುಹಾಕಿಕೊಂಡ ಮನುಷ್ಯನ ಕೈ ಕುಲುಕಬೇಕು, ಅವನು ಕೊಟ್ಟ ಸಕ್ಕರೆ ತುಂಬಿದ ಚಹಾ ಕುಡಿಯಬೇಕು. ನಾಲ್ಕು ವರ್ಷದ ಹಿಂದೆ ನನ್ನ ಗೆಳೆಯನ ಗಾಡಿ ಕೆಳಗೆ ಬಾಂಬ್ ಹೂತವನು ಇವನೇ ಇರಬಹುದೇ ಎಂದು ಕೇಳುವ ಹಾಗಿಲ್ಲ. ಕೇಳಿದರೆ ಕೆಲಸ ಕೆಡುತ್ತದೆ. ಮೊದಲ ಸಲ ಹೋದವನಿಗೆ ಈ ಸಂಕಟವಿಲ್ಲ, ಅವನಿಗೆ ಎಲ್ಲ ಮುಖವೂ ಹೊಸದು. ಲೇಖನದಲ್ಲಿ ಬಿಟ್ಟುಹೋದದ್ದು ಇದು ಎಂದು ನನಗೆ ಈಗ ಅನಿಸುತ್ತಿದೆ.

ಆ ಚಹಾ ಬರೀ ಉಪಚಾರದ್ದಲ್ಲ. 2006ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆ ಬಂಡಾಯ ನಿಗ್ರಹದ ಹೊಸ ಕೈಪಿಡಿ ಹೊರತಂದಿತು. ಜನರಲ್ ಪೆಟ್ರೇಯಸ್ ಅದರ ಹಿಂದಿದ್ದ ಮುಖ್ಯರಲ್ಲೊಬ್ಬರು. ಜನರನ್ನು ಕಾಯುವುದೇ ಗುರಿ, ಪಡೆಯನ್ನು ಕೋಟೆಯೊಳಗೆ ಅತಿಯಾಗಿ ಜೋಪಾನ ಮಾಡಿದಷ್ಟೂ ಅಪಾಯ ಹೆಚ್ಚಬಹುದು ಎಂಬುದು ಅದರ ಧಾಟಿ. ದೊಡ್ಡ ನೆಲೆಗಳಿಂದ ಹೊರಬಂದು ಬಾಗ್ದಾದಿನ ಮೊಹಲ್ಲಾಗಳಲ್ಲೇ ಬೀಡುಬಿಟ್ಟರು. ಓದಲು ಚೆನ್ನಾಗಿದೆ. ಹಿಂದಿನ ಸರದಿಯಲ್ಲಿ ಇಂಥದೇ ಬೀದಿಯಲ್ಲಿ ಕಾಲು ಹೋದ ಗೆಳೆಯನನ್ನು ಎತ್ತಿ ತಂದವನಿಗೆ, ಗನ್ ಕೆಳಗಿಳಿಸಿ ಕನ್ನಡಕ ತೆಗೆದು ನಗು ಎಂದು ಹೇಳುವುದು ಬೇರೆ.

ಕಲಿತದ್ದು ಕೈಕೊಡುವುದೂ ಉಂಟು. ಇರಾಕಿನಲ್ಲಿ ಎರಡು ಸರದಿ ಮುಗಿಸಿದವನ ಕಣ್ಣು ಪಳಗುವುದು ರಸ್ತೆಗೆ, ಅಲ್ಲಿ ಬಾಂಬ್ ಅಡಗಿರಬಹುದಾದ ಜಾಗಗಳಿಗೆ: ಕಸದ ಗುಡ್ಡೆ, ಸತ್ತ ನಾಯಿ, ಹೊಸದಾಗಿ ತೇಪೆ ಹಾಕಿದ ಟಾರು. ಗಾಡಿ ನಿಂತ ಕೂಡಲೇ ಸುತ್ತ ಐದು ಮೀಟರ್, ಆಮೇಲೆ ಇಪ್ಪತ್ತೈದು ಮೀಟರ್ ನೋಡುವುದು ಮೈಗಂಟಿದ ಅಭ್ಯಾಸ. ಅದೇ ಮನುಷ್ಯ 2010ರಲ್ಲಿ ಅಫ್ಘಾನಿಸ್ತಾನದ ಹೆಲ್ಮಂಡ್‌ಗೆ, ಅದರಲ್ಲೂ ಸಂಗಿನ್‌ಗೆ ಬಂದರೆ ಅಲ್ಲಿ ಗಸ್ತು ಹೆಚ್ಚಾಗಿ ರಸ್ತೆ ಬಿಟ್ಟೇ. ಜೋಳದ ಹೊಲ, ಕಾಲುವೆ, ಮಣ್ಣಿನ ಗೋಡೆ. ಹಳದಿ ಪ್ಲಾಸ್ಟಿಕ್ ಎಣ್ಣೆ ಕ್ಯಾನಿನಲ್ಲಿ ಗೊಬ್ಬರದಿಂದ ಮಾಡಿದ ಸ್ಫೋಟಕ, ಅದರ ಮೇಲೆ ಕಾಲಿಟ್ಟ ಕೂಡಲೇ ಸಿಡಿಸುವ ಮರದ ಒತ್ತುಹಲಗೆ. ಲೋಹ ತೀರಾ ಕಮ್ಮಿ, ಡಿಟೆಕ್ಟರ್‌ಗೂ ಸುಲಭಕ್ಕೆ ಸಿಗದು. ಮುಂದಿನವನು ನೆಲ ತಡಕುತ್ತ ಹೋಗುತ್ತಾನೆ, ಉಳಿದವರು ಅವನ ಹೆಜ್ಜೆಯ ಮೇಲೇ ಹೆಜ್ಜೆ ಇಡುತ್ತಾರೆ. ರಕ್ತ ನಿಲ್ಲಿಸುವ ಪಟ್ಟಿಯನ್ನು ಗಸ್ತಿಗೆ ಹೊರಡುವ ಮೊದಲೇ ತೊಡೆಗೆ ಸಡಿಲವಾಗಿ ಕಟ್ಟಿಕೊಂಡವರಿದ್ದರು, ಕಾಲು ಹೋದ ಮೇಲೆ ಹುಡುಕಲು ಪುರುಸೊತ್ತು ಇರುವುದಿಲ್ಲ ಎಂದು. ಬ್ರಿಟಿಷರು ಆ ಒಂದೇ ಕಡೆ ನೂರಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡು 2010ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮರೀನ್‌ಗಳಿಗೆ ಒಪ್ಪಿಸಿದರು. ಆಮೇಲೆ ಬಂದ ಒಂದು ಮರೀನ್ ಬೆಟಾಲಿಯನ್ ಏಳು ತಿಂಗಳಲ್ಲಿ 25 ಜನರನ್ನು ಕಳೆದುಕೊಂಡಿತು.

ಸರದಿ ಪದ್ಧತಿಯನ್ನು ಹಳ್ಳಿಯವರ ಕಡೆಯಿಂದಲೂ ನೋಡಬೇಕು. ಏಳು ತಿಂಗಳಿಗೋ ವರ್ಷಕ್ಕೋ ಒಬ್ಬ ಕ್ಯಾಪ್ಟನ್ ಬಂದು ಊರ ಹಿರಿಯನ ಎದುರು ಕೂರುತ್ತಾನೆ. ‘ನಿಮಗೇನು ಬೇಕು? ಶಾಲೆಯೋ, ಬಾವಿಯೋ?’ ಹಿರಿಯ ಈ ಪ್ರಶ್ನೆಗೆ ಹಿಂದಿನವನಿಗೂ ಉತ್ತರ ಕೊಟ್ಟಿದ್ದಾನೆ, ಅದರ ಹಿಂದಿನವನಿಗೂ. ಇಡೀ ಯುದ್ಧವನ್ನು ಬಿಡುವಿಲ್ಲದೆ ಕಂಡವನು ಅವನೊಬ್ಬನೇ. ಕ್ಯಾಪ್ಟನ್ ಹೋದ ಮೇಲೆ ರಾತ್ರಿ ಬಾಗಿಲು ತಟ್ಟುವ ಬಂಡುಕೋರರಿಗೂ ಅವನೇ ಉತ್ತರ ಹೇಳಬೇಕು.

ಮನಸ್ಸಿನ ವಿಚಾರಕ್ಕೆ ಒಂದೇ ಲೆಕ್ಕ ಕೊಡುತ್ತೇನೆ. ಅಮೆರಿಕದ ಸೇನೆ ತಾನೇ ಯುದ್ಧಭೂಮಿಯಲ್ಲಿ ಮಾಡಿಸುತ್ತಿದ್ದ ಮಾನಸಿಕ ಆರೋಗ್ಯ ಸಮೀಕ್ಷೆಯ 2008ರ ವರದಿಯಂತೆ, ಇರಾಕಿನಲ್ಲಿ ಮೊದಲ ಸರದಿಯ ಸಾರ್ಜೆಂಟ್ ದರ್ಜೆಯವರಲ್ಲಿ ಶೇ. 12ರಷ್ಟು ಮಂದಿಗೆ ಮಾನಸಿಕ ತೊಂದರೆಯ ಲಕ್ಷಣಗಳಿದ್ದವು. ಎರಡನೇ ಸರದಿಯಲ್ಲಿ ಅದು ಶೇ. 18.5, ಮೂರನೆಯ ಅಥವಾ ನಾಲ್ಕನೆಯದರಲ್ಲಿ ಶೇ. 27. ಅಂದರೆ ಅನುಭವ ಮೈಯನ್ನು ಗಟ್ಟಿ ಮಾಡುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಹಾಗೆಂದು ಸರದಿಗಳ ಲೆಕ್ಕವನ್ನೇ ಎಲ್ಲಕ್ಕೂ ನೆಪ ಮಾಡುವುದು ನನಗೆ ಒಪ್ಪಿಗೆಯಿಲ್ಲ. 2012ರ ಮಾರ್ಚ್‌ನಲ್ಲಿ ಕಂದಹಾರದ ಪಂಜ್ವಾಯಿಯಲ್ಲಿ ಅಮೆರಿಕದ ಒಬ್ಬ ಸ್ಟಾಫ್ ಸಾರ್ಜೆಂಟ್ ರಾತ್ರಿ ನೆಲೆಯಿಂದ ಹೊರಬಿದ್ದು 16 ಹಳ್ಳಿಗರನ್ನು ಕೊಂದ, ಅವರಲ್ಲಿ ಹೆಚ್ಚಿನವರು ಮಕ್ಕಳು, ಹೆಂಗಸರು. ಅದು ಅವನ ನಾಲ್ಕನೇ ಸರದಿ ಎಂದು, ಅದೇ ಕಾರಣವೆಂಬಂತೆ, ಆಗ ಎಲ್ಲರೂ ಬರೆದರು. ನಾಲ್ಕು ಸಲ ಹೋಗಿಯೂ ಯಾರ ಬಾಗಿಲನ್ನೂ ಹಾಗೆ ಮುರಿಯದ ಸಾವಿರಾರು ಮಂದಿಗೆ ಇದು ಮಾಡಿದ ಅವಮಾನ.

ನಿಮ್ಮ ಜಾಫ್ನಾವನ್ನು ಇದರ ಪಕ್ಕಕ್ಕಿಟ್ಟು ಹೋಲಿಸಲು ನನಗೆ ಅಂಜಿಕೆ. ಶಾಂತಿ ಕಾಯಲು ಎಂದು 1987ರ ಜುಲೈನ ಭಾರತ–ಶ್ರೀಲಂಕಾ ಒಪ್ಪಂದದಂತೆ ಹೋದ ನಮ್ಮ ಪಡೆ ಅಕ್ಟೋಬರ್‌ ಹೊತ್ತಿಗೆ ಎಲ್‌ಟಿಟಿಇ ಜೊತೆ ಬೀದಿ ಕಾಳಗಕ್ಕೆ ಇಳಿದಿತ್ತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಹಿಂದಿರುಗುವಾಗ ಸಾವಿರಕ್ಕೂ ಹೆಚ್ಚು ಜವಾನರು ಜೀವ ಕೊಟ್ಟಿದ್ದರು, ಮದ್ರಾಸಿನಲ್ಲಿ ಸ್ವಾಗತಕ್ಕೆ ಮುಖ್ಯಮಂತ್ರಿ ಬರಲಿಲ್ಲ. ಇದಿಷ್ಟನ್ನು ನಾನು ಓದಿ ಬಲ್ಲೆ. ಆದರೆ ನಿಮ್ಮ ಪತ್ರದ ಎರಡನೇ ಪುಟದ ಕೆಳಗೆ, ಅಂಚಿನಲ್ಲಿ, ಒಂದು ಸಾಲಿದೆ: “ಎರಡನೇ ಸಲ ಹಡಗಿನಿಂದ ಇಳಿದು ತಾಳೆಮರದ ಸಾಲು ನೋಡಿದ ಕೂಡಲೇ ಹೊಟ್ಟೆ ತೊಳಸಿತು, ಮೊದಲ ಸಲ ಅದೇ ಮರ ಚಂದ ಕಂಡಿತ್ತು.” ಮುಂದೇನೋ ಬರೆದು ಗೀಚಿ ಹಾಕಿದ್ದೀರಿ.

ಅದನ್ನು ಗೀಚದೆ ಬರೆದು ಕಳಿಸಿ. ಉದ್ದವಾದರೂ ಪರವಾಗಿಲ್ಲ, ಮುಂದಿನ ತಿಂಗಳು ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ. ತಲೆಬರಹವನ್ನು ಈ ಸಲ ನೀವೇ ಇಡಿ.

— ಸಂಪಾದಕ